ವಿಚ್ಛೇದನದಲ್ಲಿ ದೊಡ್ಡ ಆಸ್ತಿಯ ಪಾಲು: ಸಿಎ ಆಗಿ ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. ದೊಡ್ಡ ಆಸ್ತಿ ಇರುವ ವಿಚ್ಛೇದನದ ಕೇಸುಗಳಲ್ಲಿ ವಕೀಲರ ಜೊತೆ ಕೂತು ಲೆಕ್ಕ ಬಿಡಿಸುವುದು ನನ್ನ ಕೆಲಸದ ಒಂದು ಭಾಗ. ಇಂಥ ಕಡೆ ಎಲ್ಲರೂ ಮೊದಲು ಕೇಳುವುದು "ಯಾರಿಗೆ ಎಷ್ಟು" ಅಂತ. ನಾನು ಮೊದಲು ಕೇಳುವುದು "ಇದರಲ್ಲಿ ನಿಜವಾಗಿ ಕೈಗೆ ಬರುವುದು ಎಷ್ಟು" ಅಂತ. ಆ ಲೆಕ್ಕ ಸರಿಯಾಗಿ ಆಗದೆ ಮಾಡಿದ ಪಾಲು ಎಷ್ಟು ಸಮವಾಗಿ ಕಂಡರೂ ಸಮ ಅಲ್ಲ. ಒಂದು ದಂಪತಿಯ ಕೇಸನ್ನು ಇಟ್ಟುಕೊಂಡು ಇದನ್ನು ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು, ಅಂಕಿ, ವಿವರ ಬದಲಿಸಿದ್ದೇನೆ.

ಗಂಡ ಒಂದು ಸಾಫ್ಟ್‌ವೇರ್ ಕಂಪನಿ ಕಟ್ಟಿದವರು. ಅದರಲ್ಲಿ ಹೊರಗಿನ ಹೂಡಿಕೆದಾರರ ಹಣವೂ ಇತ್ತು. ಹೆಂಡತಿ ಅಮೆರಿಕದ ಕಂಪನಿಯೊಂದರ ಬೆಂಗಳೂರು ಕಚೇರಿಯಲ್ಲಿ ಕೆಲಸ ಮಾಡಿದವರು. ಸಂಬಳದ ಜೊತೆ ಆ ಕಂಪನಿಯ ಷೇರುಗಳೂ ಬಂದಿದ್ದವು. ಜಯನಗರದಲ್ಲಿ ಇಬ್ಬರ ಹೆಸರಿನ ಮನೆ. ವೈಟ್‌ಫೀಲ್ಡ್‌ನಲ್ಲಿ ಸಾಲ ಇನ್ನೂ ತೀರದ ಫ್ಲಾಟ್. ಮೂಡಿಗೆರೆ ಕಡೆ ಗಂಡನ ಅಜ್ಜನ ಕಾಲದಿಂದ ಬಂದ ಕಾಫಿ ತೋಟ. ಇದರ ಜೊತೆಗೆ ಮ್ಯೂಚುವಲ್ ಫಂಡ್, ಪಿಪಿಎಫ್, ವಿಮೆ, ಚಿನ್ನ, ಅವಿಭಕ್ತ ಕುಟುಂಬದ ಹೆಸರಿನಲ್ಲಿ ಒಂದು ಖಾತೆ. ಇಬ್ಬರು ಮಕ್ಕಳು.

ಮೊದಲ ದಿನ ಇಬ್ಬರ ತಲೆಯಲ್ಲೂ ಒಂದೊಂದು ಲೆಕ್ಕ ಇತ್ತು. "ಕಂಪನಿ, ತೋಟ ನನ್ನ ಹೆಸರಲ್ಲಿದೆ, ಅದರ ಮಾತೇ ಬೇಡ" ಎಂದು ಅವರು. "ಮದುವೆಯಾದ ಮೇಲೆ ಬಂದದ್ದರಲ್ಲಿ ಕಾನೂನಿನ ಪ್ರಕಾರ ನನಗೆ ಅರ್ಧ" ಎಂದು ಇವರು. ಎರಡೂ ಪೂರ್ತಿ ಸರಿಯಲ್ಲ. ನಮ್ಮ ದೇಶದಲ್ಲಿ ಅರ್ಧರ್ಧ ಎಂಬ ನಿಯಮ ಇರುವುದು ಮುಖ್ಯವಾಗಿ ಗೋವಾದಲ್ಲಿ. ಅಲ್ಲಿ ಇಂದಿಗೂ ಪೋರ್ಚುಗೀಸರ 1867ರ ನಾಗರಿಕ ಸಂಹಿತೆ ನಡೆಯುತ್ತದೆ. ಉಳಿದ ಕಡೆ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದು. ಆದರೆ ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಶಾಶ್ವತ ಜೀವನಾಂಶ ಗೊತ್ತು ಮಾಡುವಾಗ ಕೋರ್ಟು ಇಬ್ಬರ ಆದಾಯ, ಆಸ್ತಿ, ನಡತೆ ಎಲ್ಲವನ್ನೂ ನೋಡುತ್ತದೆ. ಹಾಗಾಗಿ ಹೆಸರಿನಲ್ಲಿದೆ ಅಂದ ಮಾತ್ರಕ್ಕೆ ಅದು ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ. ಸ್ತ್ರೀಧನವಂತೂ ಪಾಲಿಗೇ ಬರುವುದಿಲ್ಲ, ಅದು ಪೂರ್ತಿ ಹೆಂಡತಿಯದು. ಲಾಕರಿನ ಚಿನ್ನವನ್ನು ನಾನು ಮೊದಲ ಸಭೆಯಲ್ಲೇ ಪಟ್ಟಿಯಿಂದ ತೆಗೆದು ಪಕ್ಕಕ್ಕಿಡುತ್ತೇನೆ. ಇದರಿಂದ ಅರ್ಧ ಬಿಸಿ ಇಳಿಯುತ್ತದೆ.

ಇಬ್ಬರೂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮನಸ್ಸು ಮಾಡಿದರು. ಆದರೂ ಆಸ್ತಿಯ ಪೂರ್ತಿ ವಿವರ ಪ್ರಮಾಣಪತ್ರದ ರೂಪದಲ್ಲೇ ಬೇಕು ಎಂದು ಪಟ್ಟು ಹಿಡಿದೆ. ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಹೇಳಿದೆ, ನಮೂನೆಯನ್ನೂ ಕೊಟ್ಟಿದೆ. ಒಪ್ಪಿಗೆಯ ಕೇಸಿಗೂ ನಾನು ಅದನ್ನೇ ಬಳಸುತ್ತೇನೆ. ಅದರ ಜೊತೆ ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್ (ವರ್ಷದ ಆದಾಯ, ವಹಿವಾಟುಗಳ ವಿವರ), ಪ್ಯಾನ್ ಆಧಾರದ ಮೇಲೆ ಎಲ್ಲ ಡಿಮ್ಯಾಟ್ ಮತ್ತು ಫಂಡ್ ತೋರಿಸುವ ಸ್ಟೇಟ್‌ಮೆಂಟ್, ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಬರೆಯುವ ಪಟ್ಟಿ, ಪ್ರತಿ ಸ್ಥಿರಾಸ್ತಿಗೂ ಇಸಿ (ಋಣಭಾರ ಪತ್ರ) ಮತ್ತು ಖಾತಾ, ತೋಟಕ್ಕೆ ಪಹಣಿ. ಈ ಕೇಸಿನಲ್ಲಿ ಬಚ್ಚಿಟ್ಟಿದ್ದು ಏನೂ ಸಿಗಲಿಲ್ಲ. ಮರೆತದ್ದು ಸಿಕ್ಕಿತು: ಒಂದು ಹಳೆಯ ಎಫ್‌ಡಿ, ಮತ್ತು ಕಂಪನಿಯ ಬ್ಯಾಂಕ್ ಸಾಲಕ್ಕೆ ಗಂಡ ಹಾಕಿದ್ದ ವೈಯಕ್ತಿಕ ಜಾಮೀನು. ಎಫ್‌ಡಿಗಿಂತ ಆ ಜಾಮೀನೇ ದೊಡ್ಡ ವಿಷಯ. ಸಾಲವನ್ನು ಪಟ್ಟಿಗೆ ಸೇರಿಸದೆ ಆಸ್ತಿ ಮಾತ್ರ ಹಂಚಿದರೆ ಆಮೇಲೆ ಯಾರೋ ಒಬ್ಬರು ಮುಳುಗುತ್ತಾರೆ.

ಆಮೇಲೆ ನಾನು ಮಾಡಿದ್ದು ಒಂದು ಸರಳ ಪಟ್ಟಿ. ಪ್ರತಿ ಆಸ್ತಿಯ ಮುಂದೆ ಮೂರು ಅಂಕಣ. ಇವತ್ತಿನ ಬೆಲೆ, ತೆರಿಗೆ ಕಳೆದು ಕೈಗೆ ಬರುವುದು, ಯಾವಾಗ ಕೈಗೆ ಬರುತ್ತದೆ. ಒಂದು ಕೋಟಿಯ ಎಫ್‌ಡಿ ಮತ್ತು ಒಂದು ಕೋಟಿಯ ಷೇರು ಫಂಡ್ ಒಂದೇ ಅಲ್ಲ. ಆ ಫಂಡನ್ನು 20 ಲಕ್ಷಕ್ಕೆ ಕೊಂಡಿದ್ದರೆ 80 ಲಕ್ಷ ಲಾಭ. 2024ರ ಜುಲೈ 23ರಿಂದ ಇಂಥ ದೀರ್ಘಾವಧಿ ಲಾಭಕ್ಕೆ, ವರ್ಷಕ್ಕೆ 1.25 ಲಕ್ಷ ಬಿಟ್ಟು, ಶೇ 12.5 ತೆರಿಗೆ. ಸೆಸ್ ಸೇರಿ 10 ಲಕ್ಷಕ್ಕೂ ಜಾಸ್ತಿ ಹೋಗುತ್ತದೆ. ಮುಖ್ಯವಾದ ಮಾತೆಂದರೆ, ಆ ಫಂಡ್ ಅಥವಾ ಷೇರನ್ನು ದಾನವಾಗಿ ಕೊಟ್ಟರೆ ಕೊಟ್ಟವರಿಗೆ ತೆರಿಗೆ ಇಲ್ಲ, ಆದರೆ ಹಳೆಯ ಖರೀದಿ ಬೆಲೆಯೇ ಪಡೆದವರ ತಲೆಗೆ ಬರುತ್ತದೆ. ಮಾರಿದ ದಿನ ತೆರಿಗೆ ಕಟ್ಟುವುದು ಅವರೇ. "ನಿನಗೆ ಫಂಡ್, ನನಗೆ ಎಫ್‌ಡಿ, ಸಮ ಆಯ್ತಲ್ವಾ" ಎಂಬ ಮಾತಿಗೆ ಸುಮ್ನೆ ತಲೆಯಾಡಿಸಬಾರದು.

ಅತಿ ಹೆಚ್ಚು ಹೊತ್ತು ಹಿಡಿದದ್ದು ಕಂಪನಿಯ ಷೇರು. ಕೊನೆಯ ಸುತ್ತಿನ ಹೂಡಿಕೆಯಲ್ಲಿ ಕಂಪನಿಗೆ 400 ಕೋಟಿ ಬೆಲೆ ಕಟ್ಟಿದ್ದರು ಎಂದುಕೊಳ್ಳಿ. ಗಂಡನ ಪಾಲು ಶೇ 15. ಹಾಗಾದರೆ 60 ಕೋಟಿ ಎಂದು ಹೆಂಡತಿಯ ಕಡೆಯವರು. ಅವರದ್ದು ತಪ್ಪು ಆಸೆ ಅಲ್ಲ, ಪತ್ರಿಕೆಗಳಲ್ಲಿ ಬರುವುದೂ ಅದೇ ಲೆಕ್ಕ. ಆದರೆ ಹೂಡಿಕೆದಾರರ ಷೇರು ಬೇರೆ ಜಾತಿಯದು. ಕಂಪನಿ ಮಾರಾಟವಾದರೆ ಅವರು ಹಾಕಿದ ದುಡ್ಡು ಮೊದಲು ವಾಪಸ್ ಬರಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅವರು ಹಾಕಿದ್ದು 120 ಕೋಟಿ, ಅವರ ಪಾಲು ಶೇ 55 ಎಂದಿಟ್ಟುಕೊಳ್ಳೋಣ. ಕಂಪನಿ 400 ಕೋಟಿಗೆ ಹೋದರೆ ಅವರು ತಮ್ಮ ಶೇ 55 ತೆಗೆದುಕೊಳ್ಳುತ್ತಾರೆ, ಗಂಡನಿಗೆ 60 ಕೋಟಿ ಬರುತ್ತದೆ. 150 ಕೋಟಿಗೆ ಹೋದರೆ ಅವರು ಮೊದಲು 120 ತೆಗೆದುಕೊಳ್ಳುತ್ತಾರೆ. ಉಳಿದ 30 ಕೋಟಿಯಲ್ಲಿ ಗಂಡನಿಗೆ ಮೂರನೇ ಒಂದು ಭಾಗ, 10 ಕೋಟಿ. ತೆರಿಗೆ ಇನ್ನೂ ಕಳೆದಿಲ್ಲ. ಈ ಎರಡು ಸಾಲನ್ನು ಬೋರ್ಡಿನ ಮೇಲೆ ಬರೆದ ಮೇಲೆ ಕೋಣೆಯ ಮಾತು ಬದಲಾಯಿತು.

ಹಾಗಂತ ಆ ಷೇರಿಗೆ ಬೆಲೆಯೇ ಇಲ್ಲ ಎನ್ನುವ ಗಂಡನ ವಾದವನ್ನೂ ಒಪ್ಪಲಿಲ್ಲ. ಮೊದಲ ವರ್ಷಗಳಲ್ಲಿ ಅವರಿಗೆ ಸಂಬಳ ಇರಲಿಲ್ಲ. ಮನೆ ಬಾಡಿಗೆ, ಶಾಲೆ ಫೀಸು ಎಲ್ಲ ಹೆಂಡತಿಯ ಸಂಬಳದಿಂದಲೇ ನಡೆದಿತ್ತು. ಬ್ಯಾಂಕ್ ಪಾಸ್‌ಬುಕ್ಕೇ ಅದನ್ನು ಹೇಳುತ್ತಿತ್ತು. ಕಾನೂನಿನಲ್ಲಿ ಇದಕ್ಕೆ ನೇರ ಪಾಲು ಇಲ್ಲದಿರಬಹುದು. ಸಂಧಾನದಲ್ಲಿ ಇದಕ್ಕೆ ದೊಡ್ಡ ತೂಕ ಕೊಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಷೇರನ್ನೇ ಹೆಂಡತಿ ಹೆಸರಿಗೆ ಮಾಡಿಸುವುದು ಆಗಲಿಲ್ಲ. ಹೂಡಿಕೆದಾರರ ಒಪ್ಪಿಗೆ ಇಲ್ಲದೆ ಸ್ಥಾಪಕರು ಷೇರು ವರ್ಗಾಯಿಸಬಾರದು ಎಂದು ಷೇರುದಾರರ ಒಪ್ಪಂದದಲ್ಲಿತ್ತು. ಅದಕ್ಕೆ ಬದಲಾಗಿ, ಹಣ ಬಂದಾಗ ಪಾಲು ಎಂಬ ದಾರಿ ಹಿಡಿದೆವು. ಷೇರು ಗಂಡನ ಹೆಸರಿನಲ್ಲೇ ಉಳಿಯುತ್ತದೆ. ಯಾವಾಗ ಮಾರಾಟವಾದರೂ, ತೆರಿಗೆ ಕಳೆದು ಉಳಿದದ್ದರಲ್ಲಿ ಒಂದು ನಿಗದಿತ ಪಾಲು ಹೆಂಡತಿಗೆ. ಕೇಳಲು ಸುಲಭ, ಬರೆಯಲು ಕಷ್ಟ. ಮಾರಾಟ ಅಂದರೆ ಏನು? ಬೈಬ್ಯಾಕ್ (ಕಂಪನಿಯೇ ಷೇರು ವಾಪಸ್ ಕೊಳ್ಳುವುದು), ಐಪಿಒ (ಷೇರು ಪೇಟೆಗೆ ಬರುವುದು), ಕಂಪನಿ ವಿಲೀನ, ಡಿವಿಡೆಂಡ್, ಎಲ್ಲವನ್ನೂ ಹೆಸರಿಸಿದೆವು. ಹೊಸ ಹೂಡಿಕೆ ಬಂದು ಪಾಲು ತೆಳುವಾದರೆ ಇಬ್ಬರಿಗೂ ಅದೇ ಪ್ರಮಾಣದಲ್ಲಿ ತೆಳುವಾಗಬೇಕು. ವರ್ಷಕ್ಕೊಮ್ಮೆ ಕಂಪನಿಯ ಆಡಿಟ್ ಆದ ಲೆಕ್ಕಪತ್ರ ಹೆಂಡತಿಗೆ ಸಿಗಬೇಕು. ಗಂಡ ತೀರಿಕೊಂಡರೆ ಒಪ್ಪಂದ ವಾರಸುದಾರರ ಮೇಲೂ ಇರಬೇಕು, ಅದಕ್ಕೆ ಬೆಂಬಲವಾಗಿ ಒಂದು ಟರ್ಮ್ ಪಾಲಿಸಿ. ಇಂಥ ಒಪ್ಪಂದಕ್ಕೆ ಷೇರುದಾರರ ಒಪ್ಪಂದದಲ್ಲಿ ಅಡ್ಡಿ ಇಲ್ಲ ಎಂದು ಕಂಪನಿಯ ವಕೀಲರಿಂದ ಲಿಖಿತವಾಗಿ ತೆಗೆದುಕೊಂಡೆವು. ಎಲ್ಲವನ್ನೂ ಮುಂದಕ್ಕೆ ಹಾಕಬಾರದು ಎಂದು ಒಂದು ಭಾಗಕ್ಕೆ ಆಗಲೇ ನಗದು ಕೊಡಿಸಿದೆವು.

ತೋಟದ ವಿಷಯ ಬೇರೆ ತರಹ. ಗಂಡ, ಅವರ ಅಣ್ಣ ಇಬ್ಬರೇ ಹಕ್ಕುದಾರರು ಎಂದು ಮನೆಯವರೆಲ್ಲ ನಂಬಿದ್ದರು. ತಂಗಿಗೆ ಮದುವೆಯಲ್ಲಿ ಕೊಟ್ಟಾಯ್ತು ಎಂಬ ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳುತ್ತದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ತಂದೆ ತಾಯಿ ಇಬ್ಬರೂ ಇರಲಿಲ್ಲ, ವಿಭಾಗ ಆಗಿರಲಿಲ್ಲ. ಹಾಗಾಗಿ ಗಂಡನ ಭಾಗ ಅರ್ಧ ಅಲ್ಲ, ಮೂರನೇ ಒಂದು. ಆ ಭಾಗದಲ್ಲೂ ಅವರ ಮಕ್ಕಳ ಹಕ್ಕಿದೆ. ಅದನ್ನು ಅವರು ತಮ್ಮಿಷ್ಟಕ್ಕೆ ಬರೆದುಕೊಡುವಂತಿಲ್ಲ. ಹೆಂಡತಿಗೂ ತೋಟ ಬೇಕಿರಲಿಲ್ಲ. ಎಕರೆಗೆ ಇಷ್ಟು ಎಂದು ಗುಣಿಸಿ ಬಂದ ದೊಡ್ಡ ಅಂಕಿಯನ್ನು ಪಟ್ಟಿಯಿಂದ ತೆಗೆದೆವು. ಕಾಫಿ, ಮೆಣಸಿನ ಇಳುವರಿ, ಸಿಲ್ವರ್ ಓಕ್ ಮರಗಳ ಬೆಲೆ, ವಿಭಾಗ ಆಗದ ತೊಡಕು ಎಲ್ಲ ಸೇರಿಸಿ ಒಂದು ತಗ್ಗಿದ ಬೆಲೆ ಹಾಕಿದೆವು. ಅದಕ್ಕೆ ಸಮನಾಗಿ ಜಯನಗರದ ಮನೆಯಲ್ಲಿ ಗಂಡನ ಅರ್ಧ ಹೆಂಡತಿಗೆ ಹೋಯಿತು. ವಿದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ಮಾತು: ಎನ್‌ಆರ್‌ಐ ಆದವರು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ, ಒಪ್ಪುವುದು ವಾರಸುದಾರಿಕೆಯನ್ನು. ಹೆಂಡತಿ ಹೊರದೇಶಕ್ಕೆ ಹೋಗುವವರಿದ್ದರೆ ತೋಟದ ಪಾಲಿನ ಮಾತೇ ಬೇಡ.

ಮನೆ ವರ್ಗಾವಣೆಗೆ ದಿನ ಗೊತ್ತು ಮಾಡುವುದೂ ಲೆಕ್ಕದ ಭಾಗವೇ. ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಗುವವರೆಗೆ ಇಬ್ಬರೂ ಗಂಡ ಹೆಂಡತಿ. ಅಲ್ಲಿಯವರೆಗೆ ಕೊಟ್ಟ ದಾನಕ್ಕೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕವೂ ಬೆಲೆಯ ಶೇಕಡಾವಾರು ಅಲ್ಲ, ಒಂದು ಸಣ್ಣ ನಿಗದಿತ ಮೊತ್ತ. ಡಿಕ್ರಿಯ ಮರುದಿನ ಅವರು ಕಾನೂನಿನ ಕಣ್ಣಿನಲ್ಲಿ ಸಂಬಂಧಿಕರಲ್ಲ. ಆದರೆ ಮೊದಲೇ ಬರೆದುಕೊಟ್ಟು ಆಮೇಲೆ ಇನ್ನೊಬ್ಬರು ಒಪ್ಪಿಗೆ ಹಿಂತೆಗೆದರೆ? ಒಪ್ಪಿಗೆಯ ವಿಚ್ಛೇದನಕ್ಕೆ ಎರಡು ಹಂತ, ಮೊದಲು ಅರ್ಜಿ, ಆಮೇಲೆ ಕೊನೆಯ ವಿಚಾರಣೆ. ಎರಡನೇ ಹಂತದವರೆಗೂ ಒಪ್ಪಿಗೆ ವಾಪಸ್ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಎರಡು ಹಂತದ ನಡುವಿನ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಅಮರದೀಪ್ ಸಿಂಗ್ ಕೇಸಿನಲ್ಲಿ ಹೇಳಿದ ಮೇಲೆ ಈ ಅಪಾಯದ ಅವಧಿ ಕಡಿಮೆ ಆಗಿದೆ. ನಾವು ಹಂಚಿಕೆಯನ್ನು ಹೀಗೆ ಕಟ್ಟಿದೆವು. ಲಾಕರ್ ಮತ್ತು ಜಂಟಿ ಎಫ್‌ಡಿ ಮೊದಲ ಹಂತದಲ್ಲಿ. ಮನೆಯ ದಾನಪತ್ರ ಎರಡನೇ ಹಂತದ ವಿಚಾರಣೆಗೆ ಹತ್ತಿರದ ದಿನ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ನಗದಿನ ಡಿಡಿ ಕೋರ್ಟಿನಲ್ಲೇ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಜಡ್ಜ್ ಮುಂದೆ. ಪ್ರತಿ ಸ್ಥಿರಾಸ್ತಿಯನ್ನೂ ಅರ್ಜಿಯ ಷೆಡ್ಯೂಲಿನಲ್ಲಿ ಚೆಕ್ಕುಬಂದಿ ಸಮೇತ ಬರೆಸಿದೆವು. ಷೆಡ್ಯೂಲಿನಲ್ಲಿ ಇಲ್ಲದ್ದು ರಾಜಿ ಡಿಕ್ರಿಯಲ್ಲಿ ಬಂದರೆ ನೋಂದಣಿಯ ತಕರಾರು ಏಳುತ್ತದೆ.

ವೈಟ್‌ಫೀಲ್ಡ್ ಫ್ಲಾಟಿನ ಸಾಲ ಇಬ್ಬರ ಹೆಸರಿನಲ್ಲಿತ್ತು. ಗಂಡ ಕಟ್ಟುತ್ತಾರೆ ಎಂದು ನಾವು ಬರೆದರೆ ಬ್ಯಾಂಕಿಗೆ ಅದು ಸಂಬಂಧವಿಲ್ಲ. ಕಂತು ತಪ್ಪಿದರೆ ಹೆಂಡತಿಯ ಸಿಬಿಲ್ ಕೂಡ ಕೆಡುತ್ತದೆ. ಆ ಸಾಲವನ್ನು ಗಂಡ ತಮ್ಮೊಬ್ಬರ ಹೆಸರಿನ ಹೊಸ ಸಾಲದಿಂದ ತೀರಿಸಿ, ಎನ್‌ಒಸಿ ತಂದ ಮೇಲೆಯೇ ಎರಡನೇ ಹಂತಕ್ಕೆ ಸಹಿ. ಪಿಪಿಎಫ್ ಒಬ್ಬರಿಂದ ಇನ್ನೊಬ್ಬರಿಗೆ ವರ್ಗ ಆಗುವುದಿಲ್ಲ, ಯಾರದು ಅವರಿಗೇ. ಅವಿಭಕ್ತ ಕುಟುಂಬದ ಖಾತೆಯಲ್ಲಿ ಅರೆಬರೆ ವಿಭಾಗವನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ, ಮಾಡಿದರೆ ಪೂರ್ತಿ ಮಾಡಬೇಕು. ಮಕ್ಕಳ ಹಕ್ಕು ಅದರಲ್ಲಿ ಇದ್ದದ್ದರಿಂದ ಅದನ್ನು ಹಾಗೇ ಬಿಟ್ಟು, ಅವರ ಓದಿಗೆ ಎಂದು ಒಪ್ಪಂದದಲ್ಲಿ ಬರೆದೆವು. ಒಂದು ವಿಮೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ ತೆಗೆದದ್ದು. ಅದರ ಫಲ ಹೆಂಡತಿ ಮಕ್ಕಳಿಗೇ ಮೀಸಲು, ಗಂಡ ಅದನ್ನು ಬದಲಿಸುವಂತಿಲ್ಲ. ಪಾಲಿನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಡಿಕ್ರಿ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಮನೆಯ ಖಾತಾ ಬದಲಾವಣೆ, ನಾಮಿನಿ ಬದಲಾವಣೆ, ಜಂಟಿ ಡಿಮ್ಯಾಟ್ ಮುಚ್ಚುವುದು, ಹೆಂಡತಿಯ ಅಮೆರಿಕದ ಷೇರು ಖಾತೆಯಲ್ಲಿ ಫಲಾನುಭವಿಯ ಹೆಸರು ತಿದ್ದುವುದು. ವಿಚ್ಛೇದನ ಆಯಿತು ಎಂದು ನಾಮಿನಿ ತಾನಾಗಿ ಬದಲಾಗುತ್ತದೆ ಎಂದುಕೊಂಡು ಕೂರಬೇಡಿ, ಒಂದೊಂದು ಕಡೆಯೂ ಹೋಗಿ ಬರೆದುಕೊಡಬೇಕು. ಆಮೇಲೆ ಕಂಪನಿ ಒಂದು ಸಣ್ಣ ಬೈಬ್ಯಾಕ್ ಮಾಡಿತು. ಗಂಡನಿಗೆ ಬಂದ ಹಣದಲ್ಲಿ ತೆರಿಗೆ ಕಳೆದು ಹೆಂಡತಿಯ ಪಾಲು ಎಷ್ಟು ಎಂಬ ಲೆಕ್ಕದ ಹಾಳೆಯನ್ನು ಎರಡೂ ಕಡೆಯ ಸಿಎಗಳು ಬೇರೆ ಬೇರೆ ಮಾಡಿ ಕಳಿಸಿದೆವು. ಎರಡರ ಮೊತ್ತವೂ ಒಂದೇ ಬಂತು, ಹಣ ಅದೇ ವಾರ ಅವರ ಖಾತೆಗೆ ಹೋಯಿತು.