ತೊಗರಿ ಪಟ್ಟಿ ಕೈಗೆ ಬಂದ ದಿನ

ಕಲಬುರಗಿಯ ಕೃಷಿ ಮಾರುಕಟ್ಟೆ ಗಂಜ್‌ನಲ್ಲಿ ತೊಗರಿ ಮಾರಿ, ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬಂದ ದಿನ ನಾನು ಕಿರಾಣಿ, ಔಷಧ ಬಿಟ್ಟು ಬೇರೇನನ್ನೂ ಕೊಳ್ಳುವುದಿಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ರಾಶಿಯಾಗುತ್ತದೆ. ಅಲ್ಲಿಯವರೆಗೆ ಉದ್ರಿಯಲ್ಲಿ ದಿನ ದೂಡಿದ ಮನೆಗೆ ಒಮ್ಮೆಲೇ ರೊಕ್ಕ ಬಂದಾಗ ಬೈಕು, ಮೊಬೈಲು, ಬಂಗಾರ ಎಲ್ಲವೂ ಈಗಲೇ ಬೇಕು ಅನಿಸುತ್ತದೆ. ಈ ಅನಿಸಿಕೆ ಸುಳ್ಳಲ್ಲ, ಆದರೆ ಅದಕ್ಕೆ ಆಯುಷ್ಯ ಕಡಿಮೆ. ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ನಾನು ಲೆಕ್ಕ ಇಟ್ಟುಕೊಂಡಿದ್ದೇನೆ.

500 ರೂಪಾಯಿವರೆಗಿನ ಆಸೆಗೆ 20 ನಿಮಿಷ. 5,000ದವರೆಗೆ ಒಂದು ರಾತ್ರಿ. ಅದಕ್ಕಿಂತ ಹೆಚ್ಚಿನದಕ್ಕೆ ಈ ಸಂತೆಯಿಂದ ಮುಂದಿನ ಸಂತೆಯವರೆಗೆ. ಸಾಲ ಮಾಡಿ ತರುವುದಾದರೆ ಮೊತ್ತ ಎಷ್ಟೇ ಇರಲಿ, ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆ ಕಳೆಯಲೇಬೇಕು.

20 ನಿಮಿಷವೇ ಯಾಕೆ? ಚಟ ಬಿಡಿಸುವ ಚಿಕಿತ್ಸೆಯಲ್ಲಿ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಹಂಬಲವನ್ನು ತೆರೆಗೆ ಹೋಲಿಸಿದರು: ಏರುತ್ತದೆ, ತುದಿ ಮುಟ್ಟುತ್ತದೆ, ತಾನಾಗಿ ಇಳಿಯುತ್ತದೆ. ನಾವು ಅದರ ಜೊತೆ ಗುದ್ದಾಡುವುದೂ ಬೇಡ, ಅದು ಹೇಳಿದಂತೆ ಕೇಳುವುದೂ ಬೇಡ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದರ ಜೋರು ತಗ್ಗುತ್ತದೆ. ಗುಟಕಾದ ಹಂಬಲಕ್ಕೂ ಫೋನಿನಲ್ಲಿ ಕಂಡ ಸಾಮಾನಿನ ಹಂಬಲಕ್ಕೂ ನಾನು ಮಾಡುವುದು ಒಂದೇ. ಫೋನನ್ನು ಬೇರೆ ಖೋಲಿಯಲ್ಲಿಟ್ಟು, ಒಂದು ಚೊಂಬು ನೀರು ಕುಡಿದು, ಕಟ್ಟೆಯ ಮೇಲೆ ಕೂರುತ್ತೇನೆ. ಹಂಬಲ ಮೈಯಲ್ಲಿ ಎಲ್ಲಿದೆ ಎಂದು ನೋಡುತ್ತೇನೆ. ಎದೆ ಬಿಸಿಯಾಗಿರುತ್ತದೆ, ಉಸಿರು ಮೇಲೇ ನಿಂತಿರುತ್ತದೆ, ಕೈ ಜೇಬಿನ ಕಡೆ ಹೋಗುತ್ತಿರುತ್ತದೆ. ಐದೈದು ನಿಮಿಷಕ್ಕೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಡುತ್ತೇನೆ. ಎಂಟು, ಎಂಟು, ಆರು, ಮೂರು. ಎರಡನೆಯ ಎಂಟು ಬಂದಾಗ ‘ಇದು ಇಳಿಯುವುದಿಲ್ಲ’ ಅನಿಸುತ್ತದೆ. ಬಹಳ ಮಂದಿ ಎದ್ದು ಹೋಗುವುದು ಅಲ್ಲೇ. ಇನ್ನೈದು ನಿಮಿಷ ಕೂರಬೇಕು, ಅಷ್ಟೆ.

ವಾರ ಕಾಯುವ ಆಸೆಗೆ ನೋಟಬುಕ್ಕು ಬೇಕು. ಒಂದು ಸಾಲು ಸಾಕು: ತಾರೀಖು, ಸಾಮಾನು, ಬೆಲೆ, ಆ ಹೊತ್ತಿನ ಮನಸ್ಸು, ತೀರ್ಮಾನದ ದಿನ. ‘ಜನವರಿ 12, ಮೊಬೈಲ್, 18,000, ಗೆಳೆಯನ ಕೈಯಲ್ಲಿ ನೋಡಿದೆ, ಜನವರಿ 19’ ಎಂದು ಬರೆದರೆ ನಾಲ್ಕನೆಯ ಕಲಮೇ ಅರ್ಧ ಕೆಲಸ ಮಾಡುತ್ತದೆ. ತೀರ್ಮಾನದ ದಿನ ಬರೆಯದೆ ‘ಆಮೇಲೆ ನೋಡೋಣ’ ಎಂದರೆ ಅದು ಕಾಯುವುದಲ್ಲ. ಆಸೆ ದಿನವೂ ಎದ್ದು ದಿನವೂ ಜಗ್ಗುತ್ತದೆ. ಕೈಗಡ ಕೇಳಿಕೊಂಡು ಬಂದವರಿಗೂ ಹೀಗೆಯೇ ದಿನ ಹೇಳಬೇಕು: ‘ಕಾಕಾ, ಸೋಮವಾರ ಮುಂಜಾನಿ ನಾನೇ ಬಂದು ಹೇಳ್ತೀನ್ರಿ’ ಅನ್ನಬೇಕು, ಸೋಮವಾರ ಹೋಗಿ ಹೂಂ ಅಥವಾ ಉಹೂಂ ಹೇಳಲೇಬೇಕು.

ಈ ಪದ್ಧತಿ ಕೆಡುವುದು ಹೆಚ್ಚಾಗಿ ಮುಂಗಡದಿಂದ. ‘ಬರೇ ಐದುನೂರು ಕೊಟ್ಟು ಬುಕ್ ಮಾಡ್ರಿ, ಆಮ್ಯಾಲ ವಿಚಾರ ಮಾಡ್ರಿ’ ಅನ್ನುತ್ತಾರೆ ಅಂಗಡಿಯವರು. ಐದುನೂರು ಕೊಟ್ಟ ಗಳಿಗೆಯಲ್ಲೇ ತೀರ್ಮಾನ ಆಗಿಹೋಗಿರುತ್ತದೆ, ಮುಂದಿನ ಏಳು ದಿನ ನಾವು ಅದಕ್ಕೆ ಕಾರಣ ಹುಡುಕುತ್ತಿರುತ್ತೇವೆ. ಮುಂಗಡವಿಲ್ಲದ ವಾರವಷ್ಟೇ ವಾರ. ಆ ವಾರದಲ್ಲಿ ಅದೇ ಬೈಕಿನ ವಿಡಿಯೋ ನೋಡುವುದೂ ಒಲೆಗೆ ಉರುವಲು ಹಾಕಿದಂತೆ.

ರೊಕ್ಕವನ್ನೂ ಕೈಗೆ ಸುಲಭವಾಗಿ ಸಿಗದಂತೆ ಇಡಬೇಕು. ಪೀಕಿನ ಹಣ ಬೀಳುವ ಖಾತೆಗೆ ನಾನು ಫೋನ್‌ಪೇ ಜೋಡಿಸಿಲ್ಲ. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರೆ ಮಾತ್ರ ಹಣ. ತಿಂಗಳ ಖರ್ಚಿನಷ್ಟು ಬೇರೆ ಖಾತೆಗೆ ಹಾಕಿಸುತ್ತೇನೆ. ಎಲ್ಲಕ್ಕಿಂತ ಮೊದಲು ಮುಂದಿನ ಬಿತ್ತನೆಯ ಹಣ ತೆಗೆದಿಡುತ್ತೇನೆ: ಎಕರೆಗೆ 4ರಿಂದ 5 ಕಿಲೋ ಬೀಜ, 50 ಕಿಲೋದ ಒಂದು ಚೀಲ ಡಿಎಪಿ ಗೊಬ್ಬರ, ಅದರ ಮೇಲೆ ಎಣ್ಣೆ (ಕೀಟನಾಶಕ) ಹೊಡೆಯುವ ಖರ್ಚು, ಆಳು.

ಮಾರುವ ಅವಸರ ಕೊಳ್ಳುವ ಅವಸರಕ್ಕಿಂತ ಕಠಿಣ. ಮುಂಜಾನೆ ದರ ಇಳಿದರೆ ಸಂಜೆಗೆ ಇನ್ನೂ ಇಳಿಯುತ್ತದೆ ಅನಿಸುತ್ತದೆ. ಅದಕ್ಕೆ ಮನೆಯಲ್ಲೇ, ತಲೆ ತಣ್ಣಗಿದ್ದಾಗ, ಕನಿಷ್ಠ ದರ ಬರೆದಿಡುತ್ತೇನೆ. ತೊಗರಿಗೆ ಸರ್ಕಾರದ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲಿಗೆ 7,550 ಇತ್ತು, 2025-26ಕ್ಕೆ 8,000 ಆಯಿತು. ಅಳತೆಗೋಲಾಗಿ ಆಯಾ ವರ್ಷದ ಬೆಂಬಲ ಬೆಲೆಯನ್ನೇ ಇಟ್ಟುಕೊಳ್ಳಬಹುದು. ಮಾಲನ್ನು ಮೂರು ಪಾಲು ಮಾಡಿ, ಸಾಲ ತೀರಿಸುವಷ್ಟು ಒಂದು ಪಾಲನ್ನು ತಕ್ಷಣ ಮಾರುತ್ತೇನೆ, ಉಳಿದೆರಡಕ್ಕೆ ಬರೆದಿಟ್ಟ ದರ. ಪೂರಾ ಗಾಡಿ ತುಂಬಿಕೊಂಡು ಹೋದರೆ ‘ಇಷ್ಟು ದೂರ ತಂದೀವಿ, ಬಾಡಿಗೆ ಕೊಟ್ಟೀವಿ’ ಎಂಬ ಯೋಚನೆಯೇ ಮಾರಿಸಿಬಿಡುತ್ತದೆ. ಆದ್ದರಿಂದ ಮೊದಲು ಒಂದು ಕಿಲೋ ಮಾದರಿ ಹಿಡಿದು ಹೋಗುತ್ತೇನೆ.

ಇಲ್ಲಿ ಕಾಯುವ ಹಕ್ಕು ಒಣಗಿದ ಕಾಳಿಗೆ ಮಾತ್ರ. ತೇವ ನೂರಕ್ಕೆ 12ಕ್ಕಿಂತ ಹೆಚ್ಚಿರಬಾರದು. ಹಲ್ಲಿಗಿಟ್ಟು ಕಡಿದರೆ ಕಟ್ ಎಂದು ಒಡೆಯಬೇಕು, ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ಹಸಿ ಕಾಳು ಕೂಡಿಟ್ಟರೆ ಬೂಷ್ಟು ಹಿಡಿಯುತ್ತದೆ, ನುಸಿ ಬೀಳುತ್ತದೆ, ದರ ಏರಿದರೂ ಲಾಭವಿಲ್ಲ.

ಹೊಲದಲ್ಲಿ ಹೂವಿನ ಹೊತ್ತಿಗೆ ಕಾಯಿಕೊರಕ ಕಂಡರೆ ಈ ನಿಯಮಗಳಲ್ಲಿ ಒಂದನ್ನೂ ಹಚ್ಚುವುದಿಲ್ಲ. ಮರಿಹುಳ ಬೆಳೆದಷ್ಟೂ ಔಷಧಕ್ಕೆ ಸಾಯುವುದು ಕಡಿಮೆ, ಕಾಯಿಯೊಳಗೆ ಹೊಕ್ಕರೆ ತಲುಪುವುದೇ ಕಷ್ಟ. ಗಿಡದ ಬುಡಕ್ಕೆ ಚೀಲ ಹಾಸಿ, ಅಲುಗಿಸಿ, ಉದುರಿದ ಹುಳ ಎಣಿಸಿ, ಎಣ್ಣೆ ಹೊಡೆಯಬೇಕೋ ಬೇಡವೋ ಎಂಬುದನ್ನು ಅವತ್ತೇ ಇತ್ಯರ್ಥ ಮಾಡುತ್ತೇನೆ.