ಪಾಠದ ನೋಟ್ಸಿಗೆ ಆನ್‌ಲೈನ್ ಸಾರಾಂಶ: ಮೊದಲು ಅಕ್ಷರ ಸರಿಪಡಿಸಿ

ಪರೀಕ್ಷೆ ಹತ್ತಿರವಾದಾಗ ನೋಟ್ಸಿನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದು, ಯಾವುದೋ ಆ್ಯಪ್‌ಗೆ ಸುರಿದು, ‘ಸಾರಾಂಶ ಕೊಡು’ ಎಂದು ಕೇಳುವ ವಿದ್ಯಾರ್ಥಿಗಳೇ ಹೆಚ್ಚು. ಬರುವ ಉತ್ತರ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಯಂತ್ರವು ಅಕ್ಷರಗಳನ್ನೇ ತಪ್ಪಾಗಿ ಓದಿಕೊಂಡಿದ್ದರೆ ಆ ಅಚ್ಚುಕಟ್ಟುತನದಿಂದ ಪ್ರಯೋಜನವಿಲ್ಲ. ರಾಜ್ಯಶಾಸ್ತ್ರದ ‘ಮೂಲಭೂತ ಹಕ್ಕುಗಳು’ ಪಾಠವನ್ನು ಉದಾಹರಣೆಯಾಗಿಟ್ಟುಕೊಂಡು ಕ್ರಮವನ್ನು ನೋಡೋಣ.

ಹಂತ 1: ಒಂದು ಪಾಠಕ್ಕೆ ಒಂದೇ ಕಡತ ಮಾಡಿ, ವಿಷಯ ಮತ್ತು ಘಟಕದ ಹೆಸರು ಕೊಡಿ.

ಹಂತ 2: ಬಹುತೇಕರು ಎಡವುವುದು ಇಲ್ಲಿಯೇ. ಮುದ್ರಿತ ಪುಟವಾದರೆ ಹಗಲು ಬೆಳಕಿನಲ್ಲಿ, ಪುಟ ಓರೆಯಾಗದಂತೆ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್ ಮೂಲಕ ತೆರೆದರೆ ಚಿತ್ರದ ಕೆಳಗೆ ಪಠ್ಯ ಬರುತ್ತದೆ. ಪ್ರತಿ ಪುಟಕ್ಕೂ ತನ್ನ ಜಾಹೀರಾತು ಮುದ್ರೆ ಒತ್ತುವ ‘ಉಚಿತ’ ಸ್ಕ್ಯಾನರ್ ಆ್ಯಪ್‌ಗಳನ್ನು ದೂರವಿಡಿ. ಉಪನ್ಯಾಸಕರು ಕೊಟ್ಟ ಪಿಡಿಎಫ್ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿದ್ದರೆ, ಕಣ್ಣಿಗೆ ಕನ್ನಡವಾಗಿಯೇ ಕಂಡರೂ ನಕಲಿಸಿ ಅಂಟಿಸಿದೊಡನೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗುತ್ತದೆ. ಅದನ್ನು ಆಸ್ಕಿಯಿಂದ (ಇಂತಹ ಹಳೆಯ ಫಾಂಟುಗಳ ಸಂಕೇತ ಪದ್ಧತಿ) ಯೂನಿಕೋಡ್‌ಗೆ (ಈಗ ಎಲ್ಲ ಸಾಧನಗಳೂ ಓದುವ ಪದ್ಧತಿ) ಬದಲಿಸುವ ಪರಿವರ್ತಕಕ್ಕೆ ಕೊಡಿ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳಿರುವ ‘ತುರ್ತು’, ‘ಕರ್ತವ್ಯ’, ‘ಸ್ವಾತಂತ್ರ್ಯ’ದಂತಹ ಪದಗಳನ್ನೂ ವಿಧಿಗಳ ಸಂಖ್ಯೆಗಳನ್ನೂ ಮೂಲದೊಂದಿಗೆ ಹೋಲಿಸಿ ನೋಡಿ. ಕೈಬರಹದ ಕನ್ನಡವನ್ನು ಈ ಸಾಧನಗಳು ನಂಬುವಷ್ಟು ಚೆನ್ನಾಗಿ ಓದುವುದಿಲ್ಲ. ಅದಕ್ಕೆ ಫೋಟೊ ಬೇಡವೇ ಬೇಡ: ಮೊಬೈಲ್ ಕೀಬೋರ್ಡಿನ ಮೈಕ್ ಒತ್ತಿ ನೋಟ್ಸನ್ನು ನೀವೇ ಗಟ್ಟಿಯಾಗಿ ಓದಿ, ಅದೇ ಒಂದು ಪುನರಾವರ್ತನೆಯೂ ಆಗುತ್ತದೆ.

ಹಂತ 3: ಸರಿಪಡಿಸಿದ ಪಠ್ಯವನ್ನು ಗೂಗಲ್‌ನ ಎಐ ಸಾಧನವಾದ ನೋಟ್‌ಬುಕ್‌ಎಲ್‌ಎಂಗೆ (NotebookLM) ಹಾಕಿ. ಅದು ನೀವು ಕೊಟ್ಟ ಆಕರವನ್ನೇ ಆಧರಿಸಿ ಉತ್ತರಿಸುವುದಲ್ಲದೆ, ವಾಕ್ಯದ ಪಕ್ಕದ ಅಂಕಿಯನ್ನು ಒತ್ತಿದರೆ ಮೂಲದ ಸಾಲನ್ನೂ ತೋರಿಸುತ್ತದೆ. ಈ ಒಂದು ಕಾರಣಕ್ಕೆ ನನ್ನ ಆಯ್ಕೆ ಅದೇ. ಬರೀ ‘ಸಾರಾಂಶ’ ಕೇಳಬೇಡಿ. ‘ವಿಧಿ, ವ್ಯಾಪ್ತಿ, ಅಪವಾದ ಎಂಬ ಮೂರು ಕಾಲಂಗಳಲ್ಲಿ ಪಟ್ಟಿ ಮಾಡು’ ಎಂದು ಕೇಳಿ. ಏಕೆಂದರೆ ಚಿಕ್ಕದು ಮಾಡುವಾಗ ಮೊದಲು ಬಿದ್ದುಹೋಗುವುದು ಅಪವಾದ. ತುರ್ತು ಪರಿಸ್ಥಿತಿಯಲ್ಲಿ ಮೂಲಭೂತ ಹಕ್ಕುಗಳ ಜಾರಿಗಾಗಿ ನ್ಯಾಯಾಲಯದ ಮೊರೆಹೋಗುವುದನ್ನು 359ನೇ ವಿಧಿಯಡಿ ತಡೆಹಿಡಿಯಬಹುದು. ಆದರೆ 1978ರ 44ನೇ ತಿದ್ದುಪಡಿಯ ನಂತರ 20 ಮತ್ತು 21ನೇ ವಿಧಿಗಳಿಗೆ ಇದು ಅನ್ವಯಿಸದು. ಸಾರಾಂಶದಲ್ಲಿ ‘ಆದರೆ’ಯಿಂದ ಮುಂದಿನ ಭಾಗ ಬಿಟ್ಟುಹೋದರೆ ಜೀವಿಸುವ ಹಕ್ಕಿನ ರಕ್ಷಣೆಯನ್ನೂ ತಡೆಹಿಡಿಯಬಹುದೆಂದು ಬರೆದು ಬರುತ್ತೀರಿ. ಆದ್ದರಿಂದ ‘ಆದರೆ’, ‘ಹೊರತುಪಡಿಸಿ’ ಎಂಬ ಪದಗಳಿರುವ ಸಾಲುಗಳನ್ನು ಮೂಲದಲ್ಲಿ ಹುಡುಕಿ, ಪ್ರತಿಯೊಂದೂ ಪಟ್ಟಿಗೆ ಬಂದಿದೆಯೇ ಎಂದು ಪರಿಶೀಲಿಸಿ.

ಹಂತ 4: ಪಟ್ಟಿಯ ಪ್ರತಿ ಸಾಲನ್ನೂ ಆಂಕಿ (Anki) ಎಂಬ ನೆನಪಿನ ಕಾರ್ಡುಗಳ ಆ್ಯಪ್‌ನಲ್ಲಿ ಪ್ರಶ್ನೋತ್ತರ ಕಾರ್ಡಾಗಿಸಿ, ಕಾರ್ಡಿಗೊಂದೇ ಸಂಗತಿ ಇರಲಿ. ಬೇರೆಯವರು ಮಾಡಿಟ್ಟ ಸಿದ್ಧ ಕಾರ್ಡುಗಳನ್ನು ಇಳಿಸಿಕೊಳ್ಳುವ ಗೋಜಿಗೆ ಹೋಗಬೇಡಿ. ಅವು ನಿಮ್ಮ ಪಠ್ಯಕ್ರಮಕ್ಕೆ ಹೊಂದುವುದು ಅಪರೂಪ. ಕಂಪ್ಯೂಟರ್ ಮತ್ತು ಆಂಡ್ರಾಯ್ಡ್‌ನಲ್ಲಿ ಆಂಕಿ ಉಚಿತ. ಐಫೋನ್ ಆ್ಯಪ್‌ಗೆ ಹಣ ಕೊಡಬೇಕಾದ್ದರಿಂದ, ಐಫೋನ್ ಇರುವವರು ಬ್ರೌಸರಿನಲ್ಲಿ ಆಂಕಿವೆಬ್ ತೆರೆದರೆ ಸಾಕು.