ಟ್ರಾಲ್ ಬಲೆಗೆ ಚೌಕ ಕಣ್ಣಿನ ಚೀಲ: ಅಳತೆ, ಕತ್ತರಿ, ಹೊಲಿಗೆ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಬಲೆ ರಿಪೇರಿಗೆ ಕೂರುವ ಈ ಹೊತ್ತಿನಲ್ಲೇ ಟ್ರಾಲ್ ಬಲೆಯ (ಬೋಟ್ ಹಿಂದೆ ಎಳೆಯುವ ಬಲೆ) ಕೊನೆಯ ಚೀಲವನ್ನು, ಅಂದರೆ ಮೀನು ಬಂದು ಸೇರುವ ಭಾಗವನ್ನು, ಬದಲಿಸಿಕೊಳ್ಳುವುದು ಸುಲಭ.

ಮಾಮೂಲಿ ಚೀಲದ ಕಣ್ಣು ವಜ್ರಾಕಾರದ್ದು. ಬೋಟ್ ಎಳೆದಂತೆ, ಮೀನಿನ ಭಾರ ಬಿದ್ದಂತೆ ಅದು ಉದ್ದಕ್ಕೆ ಜಗ್ಗಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕಣ್ಣಿನ ಅಳತೆ ದೊಡ್ಡದಿದ್ದರೂ ಬೆರಳುದ್ದದ ರಾಣಿ ಮೀನು, ಪಾಂಬೋಲ್ (ರಿಬ್ಬನ್ ಮೀನು) ಮರಿ, ಬೊಂಡಾಸ್ (ಸ್ಕ್ವಿಡ್) ಮರಿ ಎಲ್ಲವೂ ಒಳಗೇ ಉಳಿದು ಕೊನೆಗೆ ಮೀನುಹುಡಿ ಕಾರ್ಖಾನೆ ಸೇರುತ್ತವೆ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಹೊಲಿದರೆ ಎಳೆಗಳು ನೇರ ಉದ್ದಕ್ಕೂ ಅಡ್ಡಕ್ಕೂ ನಿಲ್ಲುತ್ತವೆ, ಎಳೆದಾಗಲೂ ಕಣ್ಣು ತೆರೆದೇ ಇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 40 ಮಿ.ಮೀ. ಚೌಕ ಕಣ್ಣನ್ನು ಪ್ರಚಾರ ಮಾಡುತ್ತ ಬಂದಿದೆ. ಕೆಳಗಿನ ಲೆಕ್ಕ ಆ ಅಳತೆಯದು. ನಿಮ್ಮ ಲೈಸೆನ್ಸಿಗೆ ಈಗ ಅನ್ವಯಿಸುವ ಕನಿಷ್ಠ ಅಳತೆಯನ್ನು ಮೀನುಗಾರಿಕಾ ಇಲಾಖೆಯಲ್ಲಿ ಕೇಳಿಕೊಂಡೇ ಬಲೆ ಕೊಳ್ಳಿ.

40 ಮಿ.ಮೀ. ಎಂದರೆ ಕಣ್ಣನ್ನು ಪೂರ್ತಿ ಜಗ್ಗಿದಾಗ ಗಂಟಿನಿಂದ ಎದುರು ಗಂಟಿಗೆ ಇರುವ ದೂರ. ಚೌಕದ ಒಂದು ಬದಿ ಅದರ ಅರ್ಧ, 20 ಮಿ.ಮೀ. ಇಲ್ಲೇ ಬಹಳ ಮಂದಿ ಎಡವುತ್ತಾರೆ: ಬದಿಯೇ 40 ಎಂದು ತಿಳಿದು ದುಪ್ಪಟ್ಟು ದೊಡ್ಡ ಕಣ್ಣಿನ ಬಲೆ ತರುತ್ತಾರೆ, ಸಿಗುವ ಮೀನೂ ಹೋಯಿತು ಎಂದು ಆಮೇಲೆ ಚೌಕ ಕಣ್ಣನ್ನೇ ಬಯ್ಯುತ್ತಾರೆ.

ಸುತ್ತಳತೆಯ ಲೆಕ್ಕ ಹೀಗೆ. ಎಳೆಯುವಾಗ ವಜ್ರದ ಕಣ್ಣು ಅಗಲಕ್ಕೆ ತನ್ನ ಅಳತೆಯ ಸುಮಾರು ಕಾಲು ಭಾಗ ತೆರೆಯುತ್ತದೆ ಎಂದು ಇಟ್ಟುಕೊಳ್ಳಿ. ಬಲೆಯ ಹೊಟ್ಟೆ ಮುಗಿಯುವಲ್ಲಿ 40 ಮಿ.ಮೀ.ನ 200 ಕಣ್ಣಿದ್ದರೆ ಸುತ್ತಳತೆ 2 ಮೀಟರ್. ಚೀಲಕ್ಕೆ 20 ಮಿ.ಮೀ.ನ 100 ಬದಿ ಬೇಕು, ಹೊಟ್ಟೆಗೆ ಸೇರಿಸಿ ಹೊಲಿಯುವಾಗ ಎರಡು ಕಣ್ಣಿಗೆ ಒಂದು ಬದಿ. ಅಲ್ಲಿ 30 ಮಿ.ಮೀ.ನ 200 ಕಣ್ಣಿದ್ದರೆ ಒಂದೂವರೆ ಮೀಟರ್, 75 ಬದಿ, ಅಂದರೆ ಎಂಟು ಕಣ್ಣಿಗೆ ಮೂರು ಬದಿ. ಕಣ್ಣಿಗೊಂದು ಬದಿಯಂತೆ ಹೊಲಿದರೆ ಚೀಲ ಅಗತ್ಯಕ್ಕಿಂತ ಅಗಲವಾಗಿ ಜೋಲುತ್ತದೆ. ನಾಲ್ಕು ಮೀಟರ್ ಉದ್ದದ ಚೀಲಕ್ಕೆ ಉದ್ದಕ್ಕೆ 200 ಬದಿ.

ಸಾಧ್ಯವಾದರೆ ಗಂಟಿಲ್ಲದ ಬಲೆಯನ್ನೇ ಕೊಳ್ಳಿ. ಗಂಟಿನ ಬಲೆಯನ್ನು ತಿರುಗಿಸಿದಾಗ ಎಳೆತ ಓರೆಯಾಗಿ ಬಿದ್ದು ಗಂಟು ಜಾರುತ್ತದೆ, ಒಂದು ಕಣ್ಣು ಸಣ್ಣದು, ಪಕ್ಕದ್ದು ದೊಡ್ಡದು ಆಗುತ್ತದೆ. ಕತ್ತರಿಸುವಾಗ ಮೂಲೆಯಿಂದ ಶುರುಮಾಡಿ, ಪ್ರತಿ ಗಂಟಿಗೆ ಒಂದೇ ಎಳೆ ತುಂಡರಿಸುತ್ತ ಓರೆಯಾಗಿ ಸಾಗಿ. ಎಣಿಕೆ ಮುಗಿದ ಮೇಲೆ ಅದಕ್ಕೆ ಅಡ್ಡಲಾಗಿ ಅದೇ ರೀತಿ ಕತ್ತರಿಸಿ. ತುಂಡನ್ನು ಉದ್ದಕ್ಕೆ ಜಗ್ಗಿ ನೋಡಿ: ಅಗಲ ಕುಗ್ಗದಿದ್ದರೆ ಸರಿ, ಕುಗ್ಗಿದರೆ ದಿಕ್ಕು ತಪ್ಪಿದೆ. ಅಂಚು ಕೂಡಿಸುವಾಗ ಎರಡು ಸಾಲು ಕಣ್ಣನ್ನು ಸೇರಿಸಿ ಹೊಲಿಯಿರಿ, ಒಂದೇ ಸಾಲಿನ ಹೊಲಿಗೆ ಭಾರಕ್ಕೆ ಬಿಚ್ಚುತ್ತದೆ.

ಚೌಕ ಕಣ್ಣಿನಲ್ಲಿ ಭಾರ ಹೊರುವುದು ಉದ್ದದ ಎಳೆಗಳು ಮಾತ್ರ. ಅಡ್ಡ ಎಳೆಗಳು ಸುಮ್ಮನೆ ಇರುತ್ತವೆ. ಅದಕ್ಕೇ ದಪ್ಪ ಎಳೆಯ ಬಲೆ ಬೇಕು, ಪಕ್ಕಕ್ಕೆ ಹಗ್ಗವೂ ಬೇಕು. ನಾಲ್ಕು ಮೀಟರ್ ಚೀಲಕ್ಕೆ ಸುಮಾರು 3.8 ಮೀಟರ್ ಹಗ್ಗವನ್ನು ಎರಡೂ ಪಕ್ಕ ಕಟ್ಟಿದರೆ ಮೇಲೆತ್ತುವಾಗ ಭಾರ ಹಗ್ಗಕ್ಕೆ ಹೋಗುತ್ತದೆ.

ಇಷ್ಟು ಮಾಡಿದ್ದನ್ನು ಕಡಲಿನಲ್ಲಿ ಕೆಡಿಸುವುದು ಒಂದೇ ನಿಮಿಷದ ಕೆಲಸ. ಹರಿದೀತೆಂದು ಹೊರಗಿನಿಂದ ಇನ್ನೊಂದು ಬಲೆ ಸುತ್ತಿದರೆ ಕಣ್ಣೆಲ್ಲ ಮುಚ್ಚಿತು. ನೆಲಕ್ಕೆ ಉಜ್ಜದಿರಲು ಹೊದಿಕೆ ಬೇಕೇಬೇಕಾದರೆ ಅಡಿಭಾಗಕ್ಕೆ ಮಾತ್ರ ಕಟ್ಟಿ. ಮರಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೀನಿನ ರಾಶಿಯ ಮುಂದಿನ ಖಾಲಿ ಜಾಗದಿಂದ. ತಾಂಡೇಲ (ಬೋಟ್ ನಡೆಸುವವ) ಗಂಟೆಗಟ್ಟಲೆ ಬಲೆ ಎಳೆದು ಚೀಲ ಬಾಯಿತನಕ ತುಂಬಿಸಿದರೆ ಆ ಜಾಗವೇ ಉಳಿಯುವುದಿಲ್ಲ. ಲೋಳೆಮೀನು ಮೆತ್ತಿಕೊಂಡಾಗಲೂ ಹೀಗೆಯೇ. ಪ್ರತಿ ಬಾರಿ ಎತ್ತಿದ ಮೇಲೆ ನೀರು ಹೊಡೆದು ತೊಳೆಯಿರಿ. ಆಮೆಗೆ ಈ ಚೀಲದಿಂದ ಉಪಯೋಗವಿಲ್ಲ, ಅದಕ್ಕೆ ಚೀಲದ ಮುಂದೆ ಕಂಬಿಯ ಚೌಕಟ್ಟು ಬೇರೆಯೇ ಬೇಕು.

ಮೊದಲ ಟ್ರಿಪ್‌ಗಳಲ್ಲಿ ಕಸಮೀನಿನ (ಮೀನುಹುಡಿಗೆ ಹೋಗುವ ಸಣ್ಣ ಮೀನು) ಹಣ ಕಡಿಮೆಯಾಗುವುದು ಖಚಿತ, ಅದನ್ನು ಮುಚ್ಚಿಡಬೇಕಾಗಿಲ್ಲ. ವಿಂಗಡಿಸುವ ಕೆಲಸ ಇಳಿಯುತ್ತದೆ, ಒಳ್ಳೆಯ ಮೀನು ಜಜ್ಜುವುದು ಕಡಿಮೆ. ಲಾಭ ನಷ್ಟ ಅಂದಾಜಿಗೆ ಬಿಡದೆ ಒಂದೇ ಜಾಗ, ಒಂದೇ ಆಳದಲ್ಲಿ ಒಮ್ಮೆ ಹಳೆಯ ಚೀಲ, ಒಮ್ಮೆ ಹೊಸದು ಹಾಕಿ ಮಾರುವ ಮೀನು, ಕಸಮೀನು, ಡೀಸೆಲ್ ಮೂರನ್ನೂ ಬರೆದಿಡಿ. ಅಳೆಯಲು ಡೆಕ್ಕಿನ ಹಲಗೆಯ ಮೇಲೆ ಹಿಡಿಯಬಹುದಾದ ಮೀನಿಗೆ ಕೇರಳ ನಿಗದಿ ಮಾಡಿದ ಕನಿಷ್ಠ ಉದ್ದಗಳ ಗೆರೆ ಎಳೆದುಕೊಳ್ಳಬಹುದು: ಬೂತಾಯಿ 10 ಸೆಂ.ಮೀ., ಬಂಗುಡೆ 14, ರಾಣಿ ಮೀನು 12, ಪಾಂಬೋಲ್ 46, ಬೊಂಡಾಸ್ ತಲೆ ಬಿಟ್ಟು 8. ಗೆರೆಗಿಂತ ಸಣ್ಣವು ಹೊಸ ಚೀಲದಲ್ಲೂ ರಾಶಿ ಬೀಳುತ್ತಿದ್ದರೆ ಮೊದಲು ಗಂಟು ಜಾರಿದೆಯೇ ನೋಡಿ. ಆಮೇಲೆ ಎಳೆಯುವ ಸಮಯವನ್ನು ಕಡಿಮೆ ಮಾಡಿ.